ಜಪಾನೀ ಚಲಚ್ಚಿತ್ರದ ವ್ಯಾಖ್ಯಾನಕಾರ: ಡೊನಾಲ್ಡ್ ರಿಚಿ

1

ಒಂದು ನಾಡಿನ ಕಲೆ ಇನ್ನೊಂದು ನಾಡಿನ ಸಹೃದಯರನ್ನು ಮುಟ್ಟಬೇಕಾದರೆ ನಡುವೆ ವ್ಯಾಖ್ಯಾನಕಾರನೊಬ್ಬನು ಬೇಕಾಗುತ್ತಾನೆ. ಕನ್ನಡಿಗರಿಗೆ ಇದು ಹೊಸ ಮಾತಲ್ಲ. ಗಮಕಿಯು ಪದ್ಯವನ್ನು ವಾಚಿಸಿದ ಬಳಿಕ ಅದರ ಅರ್ಥವನ್ನು ಬಿಡಿಸಿ ಸಭೆಯ ಮುಂದಿಡುವವನ ಸ್ಥಾನ ಎಂಥದೆಂಬುದನ್ನು ಕುಮಾರವ್ಯಾಸ ಭಾರತದ ವಾಚನವನ್ನು ಕೇಳಿದವರೆಲ್ಲರೂ ಬಲ್ಲರು. ವ್ಯಾಖ್ಯಾನಕಾರನು ಸಮರ್ಥನಾದರೆ ಪದ್ಯ ಬೆಳಗುತ್ತದೆ. ಆದರೆ ಸಭೆಯು ಅವನ ಮಾತಿಗೇ ಮರುಳಾಗಿ ಪದ್ಯವನ್ನು ಮರೆಯುವ ಅಪಾಯವೂ ಅಲ್ಲಿಯೇ ಅಡಗಿದೆ.

ಜಪಾನೀ ಚಲಚ್ಚಿತ್ರದ ಆರಂಭಕಾಲದಲ್ಲಿ ಇಂಥದೇ ಒಂದು ಪದ್ಧತಿಯಿತ್ತು. ಮೂಕಚಿತ್ರ ನಡೆಯುತ್ತಿರುವಾಗ ಪರದೆಯ ಪಕ್ಕದಲ್ಲಿ ನಿಂತು ಪಾತ್ರಗಳ ಮಾತುಗಳನ್ನೂ ಕಥೆಯ ಸಂದರ್ಭವನ್ನೂ ನುಡಿಯುತ್ತಿದ್ದವನಿಗೆ ಅಲ್ಲಿ ‘ಬೆನ್ಶಿ’ ಎಂದು ಹೆಸರು. ಹೆಸರಾಂತ ಬೆನ್ಶಿಯ ದನಿಯನ್ನು ಕೇಳುವುದಕ್ಕಾಗಿಯೇ ಜನ ಚಿತ್ರಮಂದಿರಕ್ಕೆ ಬರುತ್ತಿದ್ದರು. ಚಿತ್ರ ಯಾವುದೆಂಬುದು ಎಷ್ಟೋ ಸಲ ಎರಡನೆಯ ವಿಚಾರವಾಗಿತ್ತು.

ಎರಡನೆಯ ಮಹಾಯುದ್ಧದ ಅನಂತರ ಪಾಶ್ಚಾತ್ಯ ಪ್ರೇಕ್ಷಕರ ಪಾಲಿಗೆ ಜಪಾನೀ ಚಿತ್ರದ ಬೆನ್ಶಿಯಾದವರು ಡೊನಾಲ್ಡ್ ರಿಚಿ. 2013ನೆಯ ಇಸವಿ ಫೆಬ್ರುವರಿ 19ರಂದು, ತಮ್ಮ 88ನೆಯ ವಯಸ್ಸಿನಲ್ಲಿ, ಅವರು ಟೋಕಿಯೋ ನಗರದಲ್ಲಿ ತೀರಿಕೊಂಡರು. ಅರವತ್ತು ವರ್ಷಗಳಿಗೂ ಮೀರಿದ ಅವರ ಬರವಣಿಗೆಯನ್ನು ಒಟ್ಟಾಗಿ ನೋಡಿದಾಗ ಎರಡು ಪ್ರಶ್ನೆಗಳು ಏಳುತ್ತವೆ. ಅವರು ಹೊರಗಿನವರಿಗೆ ಏನನ್ನು ತೋರಿಸಿಕೊಟ್ಟರು? ತೋರಿಸುವ ಭರದಲ್ಲಿ ಯಾವುದನ್ನು ತಮ್ಮ ಮಾತಿನಿಂದ ಮುಚ್ಚಿದರು? ಮೊದಲನೆಯದನ್ನು ಕೃತಜ್ಞತೆಯಿಂದ ನೆನೆಯಬೇಕು. ಎರಡನೆಯದನ್ನು ನಿರ್ದಾಕ್ಷಿಣ್ಯವಾಗಿ ಪರಿಶೀಲಿಸಬೇಕು. ಜಪಾನನ್ನು ಇಂಗ್ಲಿಷಿನ ಮೂಲಕವೇ ಅರಿತ ಭಾರತೀಯ ಓದುಗನಿಗೆ ಈ ಎರಡನೆಯ ಪ್ರಶ್ನೆ ಮೊದಲನೆಯದರಷ್ಟೇ ಮುಖ್ಯವಾದದ್ದು.

2

ರಿಚಿಯವರು ಹುಟ್ಟಿದ್ದು 1924ರ ಏಪ್ರಿಲ್ 17ರಂದು, ಅಮೆರಿಕದ ಓಹಾಯೋ ಸಂಸ್ಥಾನದ ಲೈಮಾ ಎಂಬ ಊರಿನಲ್ಲಿ. ಯುದ್ಧಕಾಲದಲ್ಲಿ ಸರಕು ಸಾಗಿಸುವ ಹಡಗುಗಳಲ್ಲಿ ಕೆಲಸಮಾಡಿದ ಈ ತರುಣನಿಗೆ ಮರಳಿ ಹುಟ್ಟೂರಿನಲ್ಲಿ ನೆಲೆಸುವ ಮನಸ್ಸಿರಲಿಲ್ಲ. ಸೋತ ಜಪಾನನ್ನು ಆಳಲು ಹೊರಟಿದ್ದ ಅಮೆರಿಕದ ಆಡಳಿತದಲ್ಲಿ ಬೆರಳಚ್ಚುಗಾರನ ಕೆಲಸ ಸಿಕ್ಕಿತು. ಸುಟ್ಟು ಬೂದಿಯಾದ ಟೋಕಿಯೋಗೆ 1947ರ ಹೊಸವರ್ಷದ ಹೊತ್ತಿಗೆ ಅವರು ಬಂದರು. ಕೆಲಕಾಲದಲ್ಲಿಯೇ ಸೈನ್ಯದ ಪತ್ರಿಕೆಯಾದ ‘ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್’ನಲ್ಲಿ ಬರೆಯತೊಡಗಿ ಚಿತ್ರವಿಮರ್ಶೆಯ ಕಡೆಗೆ ತಿರುಗಿದರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆಡಳಿತದ ಸಿಬ್ಬಂದಿ ಜಪಾನೀ ಚಿತ್ರಮಂದಿರಗಳಿಗೆ ಹೋಗುವುದು ಆಗ ನಿಷಿದ್ಧವಾಗಿತ್ತು. ರಿಚಿಯವರು ಕದ್ದು ಹೋಗಿ, ಕಿಕ್ಕಿರಿದ ಜನರ ನಡುವೆ ನಿಂತು, ಒಂದು ಮಾತೂ ತಿಳಿಯದೆ ಚಿತ್ರಗಳನ್ನು ನೋಡಿದರು. ಭಾಷೆಯ ಆಸರೆಯಿಲ್ಲದವನಿಗೆ ಕಣ್ಣೇ ಗುರು. ಪಾತ್ರಗಳು ಎಲ್ಲಿ ನಿಂತಿವೆ, ಚೌಕಟ್ಟಿನ ಒಳಗೆ ಏನನ್ನು ಇಡಲಾಗಿದೆ, ದೃಶ್ಯ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನೇ ನೋಡುವ ಅಭ್ಯಾಸ ಆಗ ಬೆಳೆಯಿತು. ಮುಂದೆ ಅವರ ವಿಮರ್ಶೆಯ ಬಲವಾದದ್ದು ಈ ಅಭ್ಯಾಸವೇ. ಜಪಾನೀ ಭಾಷೆಯನ್ನು ಅವರು ಸರಾಗವಾಗಿ ಮಾತನಾಡಲು ಕಲಿತರು. ಆದರೆ ಓದುಬರಹದಲ್ಲಿ ಕೊನೆಯವರೆಗೂ ಪರಿಣತರಾಗಲಿಲ್ಲ. ಅವರ ಬಲವೂ ಮಿತಿಯೂ ಒಂದೇ ಬೇರಿನಿಂದ ಹುಟ್ಟಿದವು ಎನ್ನಬಹುದು.

1948ರಲ್ಲಿ ಎರಡು ಭೇಟಿಗಳಾದವು. ಸಂಗೀತನಿರ್ದೇಶಕ ಫುಮಿಯೋ ಹಯಾಸಾಕಾ ಅವರು ತಮ್ಮೊಡನೆ ಚಿತ್ರೀಕರಣದ ಸ್ಥಳವೊಂದಕ್ಕೆ ರಿಚಿಯವರನ್ನು ಕರೆದೊಯ್ದರು. ಅಲ್ಲಿ ‘ಕುಡುಕ ದೇವದೂತ’ ಎಂಬ ಅರ್ಥದ ಹೆಸರಿನ ಚಿತ್ರ ಸಿದ್ಧವಾಗುತ್ತಿತ್ತು. ನಿರ್ದೇಶಕ ಅಕಿರಾ ಕುರೋಸಾವಾ, ನಟ ತೋಶಿರೋ ಮಿಫೂನೆ. ಇಬ್ಬರ ಹೆಸರನ್ನೂ ಹೊರಜಗತ್ತು ಆಗ ಕೇಳಿರಲಿಲ್ಲ. ಜಪಾನೀ ಚಿತ್ರಗಳನ್ನು ಹೊರದೇಶಗಳಿಗೆ ಮುಟ್ಟಿಸುವುದಕ್ಕೆ ಮುಂದೆ ತಮ್ಮ ಬಾಳನ್ನೇ ಮುಡಿಪಾಗಿಟ್ಟ ಶ್ರೀಮತಿ ಕಾಶಿಕೋ ಕವಾಕಿತಾ ಅವರ ಪರಿಚಯವಾದುದೂ ಅದೇ ವರ್ಷ; ಅವರ ಮೂಲಕ ಯಾಸುಜಿರೋ ಓಜು ಅವರ ಪರಿಚಯವೂ ಲಭಿಸಿತು. ಅನಂತರ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ, 1953ರಲ್ಲಿ ಪದವಿ ಪಡೆದು, ರಿಚಿಯವರು ಮರಳಿ ಟೋಕಿಯೋ ಸೇರಿದರು. 1954ರಿಂದ ‘ಜಪಾನ್ ಟೈಮ್ಸ್’ ಪತ್ರಿಕೆಯ ಚಿತ್ರವಿಮರ್ಶಕರಾದರು. 1969ರಿಂದ ಕೆಲವು ವರ್ಷ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಚಿತ್ರವಿಭಾಗವನ್ನು ನೋಡಿಕೊಂಡದ್ದನ್ನು ಬಿಟ್ಟರೆ ಅವರ ಉಳಿದ ಬದುಕೆಲ್ಲ ಬಹುಮಟ್ಟಿಗೆ ಜಪಾನಿನಲ್ಲಿಯೇ ಕಳೆಯಿತು.

3

ರಿಚಿಯವರ ಕೆಲಸದ ಮಹತ್ತ್ವವನ್ನು ತಿಳಿಯಬೇಕಾದರೆ ಅದಕ್ಕೆ ಮೊದಲಿನ ಸ್ಥಿತಿಯನ್ನು ನೆನೆಯಬೇಕು. ಕುರೋಸಾವಾ ಅವರ ‘ರಾಶೋಮನ್’ 1951ರಲ್ಲಿ ವೆನಿಸ್ ಉತ್ಸವದ ಪರಮೋಚ್ಚ ಬಹುಮಾನವನ್ನು ಗೆದ್ದಿತು. ಮಿಜೋಗುಚಿ ಅವರ ‘ಉಗೆತ್ಸು’ 1953ರಲ್ಲಿ ಅಲ್ಲಿಯೇ ಮನ್ನಣೆ ಪಡೆಯಿತು. ‘ನರಕದ ಬಾಗಿಲು’ ಎಂಬ ಅರ್ಥದ ಹೆಸರುಳ್ಳ ವರ್ಣಚಿತ್ರಕ್ಕೆ 1954ರಲ್ಲಿ ಕಾನ್ ಉತ್ಸವದ ಬಹುಮಾನ ಬಂತು. ಮೂರೂ ಹಿಂದಿನ ಕಾಲದ ಕಥೆಗಳು. ಮೂರರಲ್ಲಿಯೂ ಕತ್ತಿ, ರೇಷ್ಮೆ, ಪುರಾತನ ನಗರದ್ವಾರ ಅಥವಾ ಅರಮನೆ. ಯೂರೋಪಿನ ರಸಿಕರು ಇದನ್ನೇ ಜಪಾನ್ ಎಂದು ಬಗೆದರು. ಆ ಮೂರು ಚಿತ್ರಗಳ ಹಿಂದೆ ಎಂಥ ಕಾಡು ಬೆಳೆದಿತ್ತೆಂಬುದು ಅವರಿಗೆ ತಿಳಿದಿರಲಿಲ್ಲ.

ಆ ಕಾಡಿನ ಭೂಪಟವನ್ನು ಬರೆದುಕೊಟ್ಟ ಗ್ರಂಥ 1959ರಲ್ಲಿ ಹೊರಬಂತು. ಜೋಸೆಫ್ ಆಂಡರ್ಸನ್ ಅವರೊಡನೆ ರಿಚಿಯವರು ಬರೆದ ಈ ಪುಸ್ತಕದ ಹೆಸರೇ ಅದರ ದೃಷ್ಟಿಯನ್ನು ಸೂಚಿಸುತ್ತದೆ: ‘ಜಪಾನೀ ಚಲಚ್ಚಿತ್ರ: ಕಲೆ ಮತ್ತು ಉದ್ಯಮ’. ಕುರೋಸಾವಾ ಅವರೇ ಅದಕ್ಕೆ ಮುನ್ನುಡಿ ಬರೆದರು. ಮೂಕಚಿತ್ರದ ಕಾಲದಿಂದ ತಮ್ಮ ಕಾಲದವರೆಗಿನ ಚರಿತ್ರೆಯನ್ನೂ, ನಿರ್ದೇಶಕರು, ನಟರು, ತಂತ್ರ, ಚಿತ್ರಮಂದಿರ, ಪ್ರೇಕ್ಷಕರು ಎಂಬ ಅಂಗಗಳನ್ನೂ ಲೇಖಕರಿಬ್ಬರು ವಿವರಿಸಿದರು. ಶೋಚಿಕು, ತೋಹೋ, ದಾಯೇ ಮೊದಲಾದ ದೊಡ್ಡ ಸಂಸ್ಥೆಗಳು ಆಗ ವರ್ಷಕ್ಕೆ ಸುಮಾರು 500 ಚಿತ್ರಗಳನ್ನು ತಯಾರಿಸುತ್ತಿದ್ದವು. 1958ರ ಒಂದೇ ವರ್ಷದಲ್ಲಿ ಜಪಾನೀಯರು 112 ಕೋಟಿಗೂ ಹೆಚ್ಚು ಸಲ ಚಿತ್ರಮಂದಿರದ ಮೆಟ್ಟಿಲು ಹತ್ತಿದರು. ಇಷ್ಟು ದೊಡ್ಡ ಉದ್ಯಮದ ನಡುವೆ, ಅದರ ಕಟ್ಟುಪಾಡಿನೊಳಗೆಯೇ, ಕಲೆ ಹೇಗೆ ಹುಟ್ಟಿತೆಂಬುದನ್ನು ತೋರಿಸಿದ್ದು ಈ ಗ್ರಂಥದ ಹಿರಿಮೆ. ಬಹುಮಾನಿತ ಚಿತ್ರವನ್ನು ಆಕಾಶದಿಂದ ಉದುರಿದ ರತ್ನವೆಂದು ಕೊಂಡಾಡುವ ರೂಢಿಗೆ ಅಂದಿನಿಂದ ಆಧಾರವಿಲ್ಲದಂತಾಯಿತು.

1965ರಲ್ಲಿ ಬಂದ ಕುರೋಸಾವಾ ಕುರಿತ ಗ್ರಂಥ ಮತ್ತೊಂದು ಬಗೆಯದು. ನಿರ್ದೇಶಕನ ಒಂದೊಂದು ಚಿತ್ರಕ್ಕೂ ಒಂದೊಂದು ಅಧ್ಯಾಯ. ಕಥೆ, ಪಾತ್ರ, ಛಾಯಾಗ್ರಹಣ, ಸಂಕಲನ ಇವುಗಳ ವಿವೇಚನೆ. ಕವಿಯೊಬ್ಬನ ಕಾವ್ಯಗಳನ್ನು ಒಂದೊಂದಾಗಿ ಎತ್ತಿಕೊಂಡು ಪರೀಕ್ಷಿಸುವಂತೆ ಚಿತ್ರನಿರ್ದೇಶಕನ ಕೃತಿಗಳನ್ನು ಪರೀಕ್ಷಿಸುವ ಕ್ರಮ ಆಗಿನ್ನೂ ವಿರಳವಾಗಿತ್ತು. ಏಷ್ಯದ ನಿರ್ದೇಶಕರೊಬ್ಬರಿಗೆ ಇಂಗ್ಲಿಷಿನಲ್ಲಿ ಇಂಥ ಗೌರವ ದೊರೆತುದು ಸಾಮಾನ್ಯ ಸಂಗತಿಯಲ್ಲ.

4

ಆದರೆ ರಿಚಿಯವರ ವಿಮರ್ಶಾಶಕ್ತಿ ಪೂರ್ಣವಾಗಿ ಪ್ರಕಟವಾದುದು ಓಜು ಅವರ ವಿಷಯದಲ್ಲಿ. ಓಜು ಅವರ ಚಿತ್ರಗಳಲ್ಲಿ ಕತ್ತಿಯಿಲ್ಲ, ಅರಮನೆಯಿಲ್ಲ. ಮಗಳ ಮದುವೆ, ಮುದಿ ತಂದೆತಾಯಿಗಳು ಮಕ್ಕಳ ಮನೆಗೆ ಬಂದು ಹೋಗುವುದು, ಕಚೇರಿಯಿಂದ ಹಿಂತಿರುಗಿದ ಗೃಹಸ್ಥ ಗೆಳೆಯರೊಡನೆ ಕುಡಿಯುವುದು, ಇಷ್ಟೇ ವಸ್ತು. ಕುಟುಂಬವು ಕಣ್ಣೆದುರಿಗೆ ಸದ್ದಿಲ್ಲದೆ ಬಿಚ್ಚಿಕೊಳ್ಳುವುದೊಂದೇ ಕಥೆ. ಕ್ಯಾಮೆರಾ ನೆಲದಿಂದ ಎರಡು ಮೂರು ಅಡಿಗಳ ಎತ್ತರದಲ್ಲಿ ಕದಲದೆ ಕೂತಿರುತ್ತದೆ. ಇಂಥ ಚಿತ್ರಗಳು ತೀರ ಜಪಾನೀಯವಾದವು, ಹೊರಗಿನವರಿಗೆ ಅರ್ಥವಾಗಲಾರವು ಎಂದು ಅಲ್ಲಿನ ಉದ್ಯಮದವರೇ ಅವುಗಳನ್ನು ಹೊರದೇಶಗಳಿಗೆ ಕಳಿಸಲು ಹಿಂಜರಿದರು.

ಈ ಹಿಂಜರಿಕೆಯನ್ನು ಮುರಿದವರಲ್ಲಿ ರಿಚಿಯವರು ಮುಖ್ಯರು. 1963ರಲ್ಲಿ ಬರ್ಲಿನ್ ಉತ್ಸವದಲ್ಲಿ ಓಜು ಅವರ ಹಲವು ಚಿತ್ರಗಳು ಒಟ್ಟಾಗಿ ಪ್ರದರ್ಶಿತವಾದುದರ ಹಿಂದೆ ಅವರ ಪರಿಶ್ರಮವಿತ್ತು. ಅದೇ ವರ್ಷ ಡಿಸೆಂಬರ್ 12ರಂದು, ತಮ್ಮ ಅರವತ್ತನೆಯ ಹುಟ್ಟುಹಬ್ಬದ ದಿನವೇ, ಓಜು ತೀರಿಕೊಂಡರು. 1953ರ ‘ಟೋಕಿಯೋ ಕಥೆ’ ನ್ಯೂಯಾರ್ಕಿನ ಸಾಮಾನ್ಯ ಚಿತ್ರಮಂದಿರವನ್ನು ಮುಟ್ಟಿದ್ದು 1972ರಲ್ಲಿ. ಹತ್ತೊಂಬತ್ತು ವರ್ಷಗಳ ಅನಂತರ. ಈಗ ಲೋಕದ ಶ್ರೇಷ್ಠ ಚಿತ್ರಗಳ ಪಟ್ಟಿ ಯಾವುದೇ ಆಗಲಿ, ಅದರಲ್ಲಿ ಆ ಚಿತ್ರಕ್ಕೆ ಸ್ಥಾನವಿದ್ದೇ ಇರುತ್ತದೆ.

1974ರಲ್ಲಿ ಪ್ರಕಟವಾದ ಓಜು ಕುರಿತ ಗ್ರಂಥದ ರಚನೆ ಗಮನಾರ್ಹವಾದದ್ದು. ಚಿತ್ರಗಳನ್ನು ಕಾಲಾನುಕ್ರಮದಲ್ಲಿ ಎತ್ತಿಕೊಳ್ಳದೆ, ಚಿತ್ರವೊಂದು ಹುಟ್ಟುವ ಕ್ರಮವನ್ನೇ ಗ್ರಂಥದ ಕ್ರಮವಾಗಿ ಮಾಡಿಕೊಂಡಿದ್ದಾರೆ: ಮೊದಲು ಚಿತ್ರಕಥೆ, ಆಮೇಲೆ ಚಿತ್ರೀಕರಣ, ಕೊನೆಗೆ ಸಂಕಲನ. ಕೋಗೋ ನೋದಾ ಅವರೊಡನೆ ಕುಳಿತು ಓಜು ಮೊದಲು ಸಂಭಾಷಣೆಯನ್ನು ಹೆಣೆದು ಅದರಿಂದ ಪಾತ್ರಗಳನ್ನು ಬೆಳೆಸಿದ ಬಗೆ, ನಟರ ಚಲನೆಯನ್ನು ಅಳೆದು ತೂಗಿ ನಿಲ್ಲಿಸಿದ ಬಗೆ, ಪಾತ್ರಗಳು ಹೋದ ಮೇಲೂ ಬರಿದಾದ ಕೋಣೆಯ ಮೇಲೆ ದೃಷ್ಟಿಯನ್ನು ನಿಲ್ಲಿಸಿದ ಬಗೆ ಇವೆಲ್ಲ ಅಲ್ಲಿ ವಿಶದವಾಗಿವೆ. ಒಳ್ಳೆಯ ಬಡಗಿಯ ಕೆಲಸವನ್ನು ಪಕ್ಕದಲ್ಲಿ ನಿಂತು ನೋಡಿದವನ ವರದಿಯಂತೆ ಈ ಪುಸ್ತಕ ಇದೆ. ಇಲ್ಲಿ ಕಣ್ಣಿನ ಶಿಕ್ಷಣ ಫಲಿಸಿದೆ.

5

ಆಕ್ಷೇಪಣೆಗೆ ಎಡೆಯಿರುವುದೂ ಇಲ್ಲಿಯೇ. ಓಜು ಅವರನ್ನು ‘ಎಲ್ಲರಿಗಿಂತ ಹೆಚ್ಚು ಜಪಾನೀಯನಾದ ನಿರ್ದೇಶಕ’ ಎಂದು ಕರೆದ ಮಾತು ರಿಚಿಯವರ ಸೃಷ್ಟಿಯಲ್ಲ. ಜಪಾನೀಯರೇ ಹಾಗೆ ಹೇಳುತ್ತಿದ್ದರು. ಆದರೆ ರಿಚಿಯವರು ಆ ಮಾತನ್ನು ಓಜು ಅವರ ಕಲೆಯ ಬೀಗದಕೈಯಾಗಿ ಬಳಸಿದರು. ಝೆನ್ ಪಂಥದ ಶೂನ್ಯ, ಹೈಕುವಿನ ಮಿತಭಾಷೆ, ‘ಮೋನೋ ನೋ ಅವಾರೆ’ ಎಂದು ಜಪಾನೀ ಕಾವ್ಯಮೀಮಾಂಸೆಯಲ್ಲಿ ಹೆಸರಾದ, ವಸ್ತುಗಳ ಅನಿತ್ಯತೆಯಿಂದ ಹುಟ್ಟುವ ಮೃದುವಾದ ದುಃಖ ಇವುಗಳ ಬೆಳಕಿನಲ್ಲಿ ಚಿತ್ರಗಳನ್ನು ಓದಿದರು.

1949ರ ‘ವಸಂತಾಂತ್ಯ’ ಚಿತ್ರದ ಒಂದು ಸನ್ನಿವೇಶವನ್ನು ನೋಡಬಹುದು. ಮದುವೆಯಾಗಿ ಹೊರಡಲಿರುವ ಮಗಳು, ವಿಧುರನಾದ ತಂದೆ, ಇಬ್ಬರೂ ಕ್ಯೋಟೋ ನಗರದ ವಸತಿಗೃಹದಲ್ಲಿ ರಾತ್ರಿ ಮಲಗಿದ್ದಾರೆ. ತಂದೆ ನಿದ್ದೆಹೋಗಿ ಗೊರಕೆ ಹೊಡೆಯುತ್ತಾನೆ. ಮಗಳ ಮುಖದಲ್ಲಿ ನಗೆ. ಬಳಿಕ ಕತ್ತಲಲ್ಲಿ ಒಂದು ಹೂದಾನಿ ಕಾಣುತ್ತದೆ. ಮರಳಿ ಮಗಳ ಮುಖ. ಆಗ ಅದು ಅಳುವಿನ ಅಂಚಿನಲ್ಲಿದೆ. ಮತ್ತೆ ಹೂದಾನಿ. ಪ್ರೇಕ್ಷಕನ ಭಾವವನ್ನು ತುಂಬಿಕೊಳ್ಳುವ ಪಾತ್ರೆಯೇ ಆ ಹೂದಾನಿ ಎಂಬುದು ರಿಚಿಯವರ ವ್ಯಾಖ್ಯಾನದ ಸಾರ. ಪಾಲ್ ಶ್ರೇಡರ್ ಅವರು 1972ರ ಗ್ರಂಥದಲ್ಲಿ ಅದರಲ್ಲಿ ಅತೀತವಾದ ನಿಶ್ಚಲತೆಯನ್ನು ಕಂಡಿದ್ದರು. ಹೀಗೆ ಒಂದು ಹೂದಾನಿಯು ಪೂರ್ವದೇಶದ ಸಮಸ್ತ ಆಧ್ಯಾತ್ಮವನ್ನೂ ಹೊರಬೇಕಾಗಿ ಬಂತು.

ಈ ಬಗೆಯ ಓದಿಗೆ ಪ್ರಬಲವಾದ ವಿರೋಧ ಜಪಾನಿನಿಂದಲೇ ಬಂದಿತು. ಶಿಗೆಹಿಕೊ ಹಸುಮಿ ಅವರು 1983ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಓಜು ಅವರ ಚಿತ್ರಗಳ ಆಕಾಶವನ್ನೇ ಸಾಕ್ಷಿಯಾಗಿ ಕರೆದರು. ಜಪಾನೀ ಕಾವ್ಯದಲ್ಲಿ ಮಂಜು, ಮಳೆ, ಋತುಗಳ ಮಬ್ಬು ಎಷ್ಟೊಂದು. ಓಜು ಅವರ ಆಕಾಶವಾದರೋ ಸದಾ ನಿಚ್ಚಳ. ಆ ಬೆಳಕು ಹೈಕುವಿನದಲ್ಲ, ಕ್ಯಾಲಿಫೋರ್ನಿಯದ ಬಿಸಿಲಿಗೆ ಹತ್ತಿರವಾದದ್ದು. ಅಮೆರಿಕದ ಡೇವಿಡ್ ಬೋರ್ಡ್‌ವೆಲ್ ಅವರು 1988ರಲ್ಲಿ ಈ ವಿಚಾರವನ್ನು ಬೇರೊಂದು ದಾರಿಯಿಂದ ಮುಂದುವರಿಸಿದರು. ಓಜು ತರುಣರಾಗಿದ್ದಾಗ ಹಾಲಿವುಡ್ ಚಿತ್ರಗಳನ್ನು ಹಸಿದವರಂತೆ ನೋಡಿದವರು. ಅವರ ಆರಂಭದ ಚಿತ್ರಗಳಲ್ಲಿ ವಿದ್ಯಾರ್ಥಿಗಳ ಕೋಣೆಯ ಗೋಡೆಯ ಮೇಲೆ ಅಮೆರಿಕದ ಚಿತ್ರಗಳ ಭಿತ್ತಿಪತ್ರಗಳು ಕಾಣುತ್ತವೆ. ಅವರ ವಿಚಿತ್ರವಾದ ಚೌಕಟ್ಟುಗಳು ಪರಂಪರೆಯಿಂದ ಬಂದ ಆಸ್ತಿಯಲ್ಲ. ಬೇರೆ ಯಾವ ಜಪಾನೀ ನಿರ್ದೇಶಕನೂ ಹಾಗೆ ಚಿತ್ರ ತೆಗೆಯಲಿಲ್ಲ. ‘ಜಪಾನೀಯತೆ’ಯೇ ಕಾರಣವಾಗಿದ್ದರೆ ಉಳಿದವರೆಲ್ಲ ಏಕೆ ಬೇರೆಯಾದರು ಎಂಬ ಪ್ರಶ್ನೆಗೆ ರಿಚಿಯವರ ಗ್ರಂಥದಲ್ಲಿ ತೃಪ್ತಿಕರವಾದ ಉತ್ತರವಿಲ್ಲ.

ಇದು ಬರಿಯ ಪಂಡಿತರ ಜಗಳವಲ್ಲ. ರಿಚಿಯವರ ಓಜು ಗ್ರಂಥ 1978ರಲ್ಲಿ, ಎಂದರೆ ನಾಲ್ಕು ವರ್ಷಗಳಲ್ಲಿ, ಜಪಾನೀ ಭಾಷೆಗೆ ಅನುವಾದವಾಯಿತು. ಹಸುಮಿ ಅವರ ಗ್ರಂಥ ಇಡಿಯಾಗಿ ಇಂಗ್ಲಿಷಿಗೆ ಬಂದುದು 2024ರಲ್ಲಿ. ನಲವತ್ತೊಂದು ವರ್ಷಗಳ ಅನಂತರ. ಒಳಗಿನವರು ಹೊರಗಿನವನ ಮಾತನ್ನು ಕೂಡಲೇ ಕೇಳಿಸಿಕೊಂಡರು. ಒಳಗಿನವರ ಮರುಮಾತಿಗಾಗಿ ಹೊರಗಿನವರು ಎರಡು ತಲೆಮಾರು ಕಾದರು. ಇದಕ್ಕೆ ರಿಚಿಯವರೊಬ್ಬರನ್ನೇ ಹೊಣೆಮಾಡುವುದು ಅನ್ಯಾಯ. ಆದರೂ ಅಲ್ಲಿಯ ವಿಮರ್ಶೆಯನ್ನು ತಾವೇ ನೇರವಾಗಿ ಓದಿ ಹೊರಗಿನವರಿಗೆ ತಿಳಿಸುವ ಸಾಮರ್ಥ್ಯ ಅವರಿಗಿದ್ದಿದ್ದರೆ ಈ ಅಂತರ ಕಿರಿದಾಗುತ್ತಿತ್ತೆಂಬುದು ನಿಜ.

6

ಹಾಗೆಂದಮಾತ್ರಕ್ಕೆ ರಿಚಿಯವರನ್ನು ಒಂದೇ ಸೂತ್ರಕ್ಕೆ ಅಂಟಿಕೊಂಡವರೆಂದು ತಿಳಿಯಲಾಗದು. 2001ರಲ್ಲಿ ಅವರು ಜಪಾನೀ ಚಿತ್ರದ ನೂರು ವರ್ಷಗಳ ಚರಿತ್ರೆಯನ್ನು ಹೊಸದಾಗಿ ಬರೆದರು. ವಾಸ್ತವವನ್ನು ಇದ್ದಂತೆ ಕಾಣಿಸಲೆಳಸುವ ಕಲೆ ಒಂದು. ಇದು ಕಲೆಯೆಂಬುದನ್ನು ಮರೆಸದೆ ಎದುರಿಗಿಟ್ಟು ತೋರಿಸುವ ಕಲೆ ಇನ್ನೊಂದು. ಪಶ್ಚಿಮದ ಚಿತ್ರ ಮೊದಲನೆಯದರ ಕಡೆಗೆ ವಾಲಿದರೆ, ಕಬುಕಿ ಮತ್ತು ಬೆನ್ಶಿಗಳ ಪರಂಪರೆಯಲ್ಲಿ ಬೆಳೆದ ಜಪಾನೀ ಚಿತ್ರ ಎರಡನೆಯದರ ಕಡೆಗೆ ವಾಲಿತೆಂಬುದು ಅಲ್ಲಿಯ ವಾದ. ಯಕ್ಷಗಾನವನ್ನು ಕಂಡ ಕನ್ನಡಿಗನಿಗೆ ಈ ಭೇದವನ್ನು ಬೇರೆ ವಿವರಿಸಬೇಕಾಗಿಲ್ಲ. ವಾಸ್ತವಿಕತೆಯೊಂದೇ ಚಿತ್ರದ ಗುರಿಯೆಂಬ ಅಳತೆಗೋಲನ್ನು ಎಪ್ಪತ್ತೇಳನೆಯ ವಯಸ್ಸಿನಲ್ಲಿ ಪಕ್ಕಕ್ಕಿಟ್ಟು, ತಾವು ಬಲ್ಲ ಚರಿತ್ರೆಯನ್ನೇ ಮೊದಲಿನಿಂದ ತಿದ್ದಿ ಬರೆಯುವುದು ಎಲ್ಲ ವಿಮರ್ಶಕರಿಗೂ ಸಾಧ್ಯವಾಗುವ ಕೆಲಸವಲ್ಲ.

ಅವರ ವ್ಯಕ್ತಿತ್ವದ ಮರ್ಮ ತೆರೆಯುವುದು ಚಲಚ್ಚಿತ್ರಕ್ಕೆ ಸಂಬಂಧಿಸದ ಒಂದು ಪುಸ್ತಕದಲ್ಲಿ. 1971ರ ‘ಒಳಗಡಲು’ ಎಂಬ ಅರ್ಥದ ಹೆಸರಿನ ಪ್ರವಾಸಗ್ರಂಥ ಜಪಾನಿನ ಮುಖ್ಯದ್ವೀಪಗಳ ನಡುವಣ ಸಮುದ್ರದಲ್ಲಿ ದ್ವೀಪದಿಂದ ದ್ವೀಪಕ್ಕೆ ಅಲೆದ ಕಥೆ. ಹೊರಗಿನವನಾಗಿ ಉಳಿಯುವುದು ಕೊರತೆಯಲ್ಲ, ಅದೊಂದು ಬಿಡುಗಡೆ ಎಂಬ ಭಾವ ಅದರ ಉದ್ದಕ್ಕೂ ಹರಿದಿದೆ. ಹುಟ್ಟಿದ ಊರಿನ ಕಟ್ಟಳೆ ಅಲ್ಲಿ ತಟ್ಟದು. ನೆಲೆಸಿದ ಊರಿನ ಕಟ್ಟಳೆ ಪರಕೀಯನೆಂಬ ಕಾರಣದಿಂದ ಕಟ್ಟಿಹಾಕದು. ಎರಡರ ನಡುವಿನ ಜಗಲಿಯ ಮೇಲೆ ಕುಳಿತು ಒಳಮನೆಯನ್ನೂ ಬೀದಿಯನ್ನೂ ನೋಡಬಹುದು. ಕನ್ನಡನಾಡಿನ ಹೊರಗೆ ನೆಲೆಸಿದ ಓದುಗನಿಗೆ ಈ ಭಾವ ಅಪರಿಚಿತವಲ್ಲ.

ಆದರೆ ಹೊರಗಿನವರೆಲ್ಲರಿಗೂ ಜಗಲಿ ಒಂದೇ ತೆರನಾಗಿ ದೊರೆಯುವುದಿಲ್ಲ. ರಿಚಿಯವರು ಜಪಾನಿಗೆ ಬಂದದ್ದು ಗೆದ್ದ ರಾಷ್ಟ್ರದ ಪ್ರಜೆಯಾಗಿ. ಅವರು ಬಂದಾಗ ಅಲ್ಲಿಯ ಚಿತ್ರಗಳಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ಅಮೆರಿಕದ ಆಡಳಿತವೇ ತೀರ್ಮಾನಿಸುತ್ತಿತ್ತು. ಅದೇ ಟೋಕಿಯೋದಲ್ಲಿ, ವಸಾಹತುಕಾಲದಲ್ಲಿ ಬಂದು ನೆಲೆಸಿದ ಕೊರಿಯನ್ನರೂ ಹೊರಗಿನವರಾಗಿಯೇ ಇದ್ದರು. ಅವರಿಗೆ ಪರಕೀಯತೆಯೆಂದರೆ ಬಿಡುಗಡೆಯಾಗಿರಲಿಲ್ಲ. ನಾಗಿಸಾ ಓಶಿಮಾ ಅವರು 1968ರ ‘ಗಲ್ಲು’ ಚಿತ್ರದಲ್ಲಿ ಈ ಕಟುಸತ್ಯವನ್ನೇ ಎತ್ತಿಕೊಂಡರು. ಹೊಟ್ಟೆಪಾಡಿಗಾಗಿ ಪರಸ್ಥಳಕ್ಕೆ ಹೋದವನ ನೋಟ ಒಂದು, ಗೆದ್ದವರೊಡನೆ ಬಂದು ಪ್ರೀತಿಯಿಂದ ನಿಂತವನ ನೋಟ ಇನ್ನೊಂದು. ರಿಚಿಯವರ ಪ್ರೀತಿ ನಿಜವಾದದ್ದು. ಅದಕ್ಕೆ ಆಸರೆಯಾದ ಅನುಕೂಲವೂ ನಿಜವಾದದ್ದು. ಎರಡನ್ನೂ ಒಟ್ಟಿಗೆ ನೆನೆಯದ ಸ್ಮರಣೆ ಅರೆಸ್ಮರಣೆಯಾದೀತು.

7

ಭಾರತಕ್ಕೆ ಜಪಾನೀ ಚಿತ್ರ ಬಂದ ದಾರಿಯನ್ನೂ ಇಲ್ಲಿ ನೆನೆಯಬೇಕು. ಸತ್ಯಜಿತ ರಾಯ್ ಅವರು ಕಲ್ಕತ್ತೆಯಲ್ಲಿ ‘ರಾಶೋಮನ್’ ಚಿತ್ರವನ್ನು ಬೆನ್ನುಬೆನ್ನಿಗೆ ಮೂರು ದಿನ ನೋಡಿದಾಗ ಅವರ ಮುಂದೆ ಯಾವ ವ್ಯಾಖ್ಯಾನವೂ ಇರಲಿಲ್ಲ. 1973ರಲ್ಲಿ ಹುಟ್ಟಿದ ಹೆಗ್ಗೋಡಿನ ನೀನಾಸಂ ಚಿತ್ರಸಮಾಜದ ಮೂಲಕ ಕೆ. ವಿ. ಸುಬ್ಬಣ್ಣನವರು ಲೋಕದ ಶ್ರೇಷ್ಠ ಚಿತ್ರಗಳನ್ನು ಮಲೆನಾಡಿನ ಹಳ್ಳಿಗರ ಮುಂದಿಟ್ಟು ಕನ್ನಡದಲ್ಲಿಯೇ ಚರ್ಚೆಗೆ ದಾರಿಮಾಡಿದರು. ಚಿತ್ರ ಮೊದಲು, ಪುಸ್ತಕ ಆಮೇಲೆ ಎಂಬ ಈ ಕ್ರಮ ಸರಿಯಾದ ಕ್ರಮ. ಪುಸ್ತಕದ ವಿಷಯದಲ್ಲಿ ಮಾತ್ರ ಭಾರತೀಯನು ಬಹುಕಾಲ ಇಂಗ್ಲಿಷನ್ನೇ ನಂಬಿಕೊಂಡನು. ಆದುದರಿಂದ ಪಶ್ಚಿಮಕ್ಕಾಗಿ ಬರೆದ ಜಪಾನೇ ಅವನಿಗೂ ಜಪಾನಾಯಿತು. ಶೂನ್ಯ, ಅನಿತ್ಯ ಮೊದಲಾದ ಮಾತುಗಳು ಬೌದ್ಧಧರ್ಮದ ಮೂಲಕ ಈ ನೆಲದಿಂದಲೇ ಅತ್ತ ಹೋದವು; ಅವನ್ನು ಅಮೆರಿಕದ ಬೆರಗಿನ ಮೂಲಕ ಮರಳಿ ಕಲಿಯಬೇಕಾದ ಗತಿ ಭಾರತೀಯ ಓದುಗನದು. ಕನ್ನಡದ ವಿಮರ್ಶಕನು ರಿಚಿಯವರನ್ನು ಓದಬೇಕು. ಓದಿ ಮುಗಿಸಿದ ಮೇಲೆ ಹಸುಮಿ, ತಾದಾವೋ ಸಾತೋ ಮೊದಲಾದ ಅಲ್ಲಿಯ ವಿಮರ್ಶಕರು ಏನೆಂದರೆಂಬುದನ್ನೂ ವಿಚಾರಿಸಬೇಕು. ಜಪಾನೀ ಭಾಷೆಯಿಂದ ನೇರವಾಗಿ ಕನ್ನಡಕ್ಕೆ ತರಬಲ್ಲವರು ಹೆಚ್ಚಬೇಕಾದುದೂ ಇದೇ ಕಾರಣದಿಂದ.

ತಮ್ಮ ಮುಪ್ಪಿನಲ್ಲಿ ರಿಚಿಯವರು ಹಳೆಯ ಚಿತ್ರಗಳ ಮುದ್ರಿಕೆಗಳಿಗೆ ತಮ್ಮ ದನಿಯಲ್ಲಿ ವಿವರಣೆಯನ್ನು ಜೋಡಿಸಿದರು. ಅವುಗಳಲ್ಲಿ ಓಜು ಅವರು 1934ರಲ್ಲಿ ತೆಗೆದ, ಅಲೆಮಾರಿ ನಾಟಕದವರ ಕಥೆಯುಳ್ಳ, ಮೂಕಚಿತ್ರವೂ ಒಂದು. ಪರದೆಯ ಮೇಲೆ ಮಾತಿಲ್ಲದ ಪಾತ್ರಗಳು, ಪಕ್ಕದಲ್ಲಿ ತಿಳಿದವನೊಬ್ಬನ ಸೌಮ್ಯವಾದ ದನಿ: ಬೆನ್ಶಿಯ ವೃತ್ತಿ ಅಕ್ಷರಶಃ ಮರಳಿ ಬಂದಂತಾಯಿತು. ಹಳೆಯ ಚಿತ್ರಮಂದಿರದಲ್ಲಿ ಬೆನ್ಶಿಯನ್ನು ಸುಮ್ಮನಿರಿಸುವ ಉಪಾಯ ಪ್ರೇಕ್ಷಕನಿಗೆ ಇರಲಿಲ್ಲ. ಈ ಮುದ್ರಿಕೆಗಳಲ್ಲಿ ವಿವರಣೆಯ ದನಿಯನ್ನು ಬೇಕೆಂದಾಗ ನಿಲ್ಲಿಸಬಹುದು. ಒಮ್ಮೆ ರಿಚಿಯವರ ದನಿಯೊಡನೆ ನೋಡಿ, ಇನ್ನೊಮ್ಮೆ ಅದನ್ನು ನಿಲ್ಲಿಸಿ ನೋಡುವುದು ಅವರಿಗೆ ಮಾಡುವ ಅಗೌರವವಲ್ಲ. ಇಪ್ಪತ್ತೆರಡು ಇಪ್ಪತ್ತಮೂರರ ಪ್ರಾಯದಲ್ಲಿ, ಟೋಕಿಯೋದ ಕಿಕ್ಕಿರಿದ ಚಿತ್ರಮಂದಿರದಲ್ಲಿ, ಒಂದು ಮಾತೂ ಅರ್ಥವಾಗದೆ ನಿಂತು ಅವರು ನೋಡಿದ್ದು ಹಾಗೆಯೇ.